ನಾಲ್ಕೂವರೆ ಸಾವಿರ ಲೀಟರು

ಅಗ್ನಿಶಾಮಕ ದಳದ ಕೆಂಪು ವಾಹನವು ಸೈರನ್ನಿನ ಕೂಗನ್ನು ಮುಂದೆ ಅಟ್ಟಿಕೊಂಡು ಬೀದಿಯನ್ನು ಹೊಕ್ಕಾಗ, ಉರಿಯುತ್ತಿರುವ ಮನೆಯ ಮುಂದೆ ಕೈಚೆಲ್ಲಿ ನಿಂತ ಜನರ ಮನಸ್ಸಿನಲ್ಲಿ ಮೂಡುವ ಭಾವ ಯಾವ ಊರಿನಲ್ಲಾದರೂ ಒಂದೇ: ನೀರು ಬಂತು, ಇನ್ನು ಭಯವಿಲ್ಲ. ಆ ಸಮಾಧಾನ ನಿರಾಧಾರವಾದುದಲ್ಲ. ಆದರೂ ಆ ವಾಹನದ ಒಡಲಿನಲ್ಲಿರುವ ನೀರೆಷ್ಟು ಎಂಬ ಲೆಕ್ಕವನ್ನು ಕೇಳಿದವರು ಒಂದು ಕ್ಷಣ ಅಪ್ರತಿಭರಾಗದೆ ಇರಲಾರರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಜಲವಾಹನದ ತೊಟ್ಟಿ ಹಿಡಿಯುವುದು 4,500 ಲೀಟರು. ಅದರ ಪಂಪಿಗೆ ನಿಮಿಷವೊಂದಕ್ಕೆ 2,250 ಲೀಟರು ನೀರನ್ನು ಒತ್ತಿ ಹೊರಚೆಲ್ಲುವ ಶಕ್ತಿಯುಂಟು. ಎಂದರೆ, ಪೂರ್ಣಶಕ್ತಿಯಿಂದ ನಡೆಸಿದ್ದೇ ಆದರೆ, ತುಂಬಿದ ತೊಟ್ಟಿ ಎರಡೇ ನಿಮಿಷಗಳಲ್ಲಿ ಬರಿದಾಗಿ, ಅಷ್ಟು ದೂರದಿಂದ ಓಡಿಬಂದ ವಾಹನವು ನೆರೆದವರಂತೆಯೇ ನಿಸ್ಸಹಾಯಕವಾಗಿ ನಿಲ್ಲಬೇಕಾಗುತ್ತದೆ. ಅಗ್ನಿಶಾಮಕನ ವಿದ್ಯೆಯನ್ನು ಸಾಹಸದ ವಿದ್ಯೆಯೆಂದು ಹೊಗಳುವುದು ವಾಡಿಕೆ. ಅದರಲ್ಲಿ ಸಾಹಸವಿದೆಯೆಂಬುದನ್ನು ಅಲ್ಲಗಳೆಯುವವರಾರು? ಆದರೆ ಅಲ್ಪವಾದ ನೀರು, ಅಲ್ಪವಾದ ಉಸಿರು, ಅಲ್ಪವಾದ ಕಾಲ ಈ ಮೂರನ್ನೂ ದುಂದುಮಾಡದೆ, ಎಲ್ಲಿ ವ್ಯಯಿಸಿದರೆ ಫಲವುಂಟೋ ಅಲ್ಲಿಯೇ ವ್ಯಯಿಸತಕ್ಕ ವಿವೇಕವೇ ಆ ವಿದ್ಯೆಯ ಜೀವಾಳವೆಂದು ನಾನು ನಂಬಿದ್ದೇನೆ. ಈ ನಂಬಿಕೆಯನ್ನು ಪರೀಕ್ಷಿಸುವುದಕ್ಕೆ ಮಹಾನಗರವೇ ಬೇಕಾಗಿಲ್ಲ. ನೆಯ್ಗೆಯ ಊರೊಂದು ಸಾಕು.

ಸೇಲಂ ನಗರಕ್ಕೆ ಪಶ್ಚಿಮದಲ್ಲಿ, ಶೇರ್ವರಾಯನ ಬೆಟ್ಟಗಳ ಕಡೆಯಿಂದ ಹರಿದುಬಂದು ಕಾವೇರಿಯನ್ನು ಸೇರುವ ಸರಬಂಗಾ ನದಿಯ ದಡದಲ್ಲಿ ಎಡಪ್ಪಾಡಿ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದ ಮೇರೆಗೆ ಟಿಪ್ಪುಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಡುವವರೆಗೆ ಈ ನೆಲ ಮೈಸೂರಿನ ಆಳ್ವಿಕೆಯಲ್ಲಿತ್ತು. ಸಮೀಪದ ಸಂಕಗಿರಿಯ ದುರ್ಗ ಆ ಕಾಲಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ರಾಜ್ಯಗಳು ಬಂದವು, ಹೋದವು; ಮಗ್ಗ ಮಾತ್ರ ಉಳಿಯಿತು. ಮಗ್ಗದೊಡನೆ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ, ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುತ್ತ ಬಂದಿರುವ ದೇವಾಂಗ ಕುಲದವರೂ ಉಳಿದರು. ಹಿಂದೆ ಕುಣಿಮಗ್ಗದ ಮುಂದೆ ಕಾಲನ್ನು ಇಳಿಬಿಟ್ಟು ಕುಳಿತು ನೆಯ್ಯುತ್ತಿದ್ದ ಮನೆಗಳಲ್ಲಿ ಹಲವು ಇಂದು ವಿದ್ಯುತ್ ಮಗ್ಗಗಳ ಬಡಿತದಿಂದ ಹಗಲಿರುಳು ಅದಿರುತ್ತವೆ. ಊರಿನ ಅನ್ನವೂ ಅದೇ, ಅಗ್ನಿಭಯವೂ ಅದರಿಂದಲೇ.

ಏಕೆಂದರೆ ನೂಲು ಲಾಳಿಯೊಡನೆ ಓಡಾಡುವಾಗ ಅದರ ಮೈಯಿಂದ ಕಳಚಿಕೊಳ್ಳುವ ನವಿರಾದ ಎಳೆಗಳು ಗಾಳಿಯಲ್ಲಿ ತೇಲಿ, ತೊಲೆಯ ಮೇಲೆ, ತಂತಿಯ ಮೇಲೆ, ಮೋಟಾರಿನ ಬೆನ್ನಿನ ಮೇಲೆ, ಗೋಡೆಯ ಬಿರುಕಿನಲ್ಲಿ ಬಿಳಿಯ ಬೂಷ್ಟಿನಂತೆ ಕುಳಿತುಕೊಳ್ಳುತ್ತವೆ. ಗಟ್ಟಿಯಾಗಿ ಸುತ್ತಿದ ನೂಲಿನ ಉಂಡೆಗೆ ಬೆಂಕಿ ಹತ್ತಬೇಕಾದರೆ ಸ್ವಲ್ಪ ಹೊತ್ತು ಬೇಕು. ಈ ನವಿರಿಗೆ ಅಷ್ಟೂ ಬೇಡ. ಪ್ರತಿಯೊಂದು ಎಳೆಯ ಸುತ್ತಲೂ ಗಾಳಿಯಿರುವುದರಿಂದ, ಸಡಿಲವಾದ ತಂತಿಯಿಂದ ಸಿಡಿದ ಒಂದು ಕಿಡಿ ಅದರ ಮೇಲೆ ಬಿದ್ದುದೇ ತಡ, ಜ್ವಾಲೆಯು ತೊಲೆಯಿಂದ ತೊಲೆಗೆ ಓಡಿ, ಮಗ್ಗದ ಮುಂದೆ ನಿಂತವನು ತಲೆಯೆತ್ತಿ ನೋಡುವಷ್ಟರಲ್ಲಿ ಕೊಟ್ಟಿಗೆಯ ಇನ್ನೊಂದು ತುದಿಯನ್ನು ಮುಟ್ಟಿರುತ್ತದೆ. ಹತ್ತಿಯೊಡನೆ ಪಾಲಿಯೆಸ್ಟರ್ ನೂಲು ಬೆರೆತಿದ್ದರೆ ಇನ್ನೊಂದು ವಿಪತ್ತು: ಅದು ಸುಮಾರು 260 ಡಿಗ್ರಿ ಶಾಖಕ್ಕೆ ಕರಗಿ, ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತ, ಕೆಳಗಿದ್ದುದನ್ನೆಲ್ಲ ಹೊತ್ತಿಸುತ್ತ ಹೋಗುತ್ತದೆ.

ಇಂಥ ಊರಿನ ಅಗ್ನಿಶಾಮಕ ನಿಲಯದಿಂದ ಹೊರಡುವ ವಾಹನದಲ್ಲಿ, ದಳದ ನಾಯಕನ ಹಿಂದಿನ ಸಾಲಿನಲ್ಲಿ, ತಾವೂ ಒಂದು ಸ್ಥಾನವನ್ನು ಪಡೆದು ಕುಳಿತಿರುವುದಾಗಿ ಓದುಗರು ಭಾವಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಆದರೆ ಕಾರ್ಯ ಆರಂಭವಾಗುವುದು ವಾಹನದಲ್ಲಲ್ಲ, ದೂರವಾಣಿಯಲ್ಲಿ. 101 ಅಥವಾ 112ಕ್ಕೆ ಕರೆ ಮಾಡಿದವನು ಭಯದಿಂದ ಅರ್ಧ ಮಾತನ್ನು ನುಂಗಿ, "ಬೇಗ ಬನ್ನಿ, ಬೆಂಕಿ!" ಎಂದಷ್ಟೇ ಕೂಗಿ ಇಟ್ಟುಬಿಟ್ಟರೆ, ಹೊರಡಲು ಸಿದ್ಧರಾಗಿ ನಿಂತ ಐದಾರು ಜನ ಯಾವ ದಿಕ್ಕಿಗೆ ಹೊರಡಬೇಕು? ಆದ್ದರಿಂದ ಕರೆಯನ್ನು ಸ್ವೀಕರಿಸುವವನು ಮೊದಲು ಕಲಿಯಬೇಕಾದ ಪಾಠ, ತನ್ನ ಧ್ವನಿಯನ್ನು ಎತ್ತರಿಸದೆ, ಕರೆದವನ ಧ್ವನಿಯನ್ನೂ ತನ್ನ ಮಟ್ಟಕ್ಕೆ ಇಳಿಸಿಕೊಳ್ಳುವುದು. ಯಾವ ಬೀದಿ, ಯಾವ ಗುಡಿಯ ಪಕ್ಕ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ವಾಹನ ಹೋಗುವಷ್ಟು ದಾರಿ ಅಗಲವಿದೆಯೇ: ಈ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕುವ ವೇಳೆಗೆ ಉಳಿದವರು ಬೂಟನ್ನು ಮೆಟ್ಟಿ, ಶಿರಸ್ತ್ರಾಣವನ್ನು ತೊಟ್ಟು, ತಂತಮ್ಮ ಸ್ಥಾನಗಳಲ್ಲಿ ಕುಳಿತಿರುತ್ತಾರೆ. ಆ ಸ್ಥಾನಗಳಿಗೆ ಅರ್ಥವುಂಟು. ಯಾರು ಕೊಳವೆಯನ್ನು ಬಿಡಿಸುವವನು, ಯಾರು ಅದರ ತುದಿಯ ನಳಿಗೆಯನ್ನು ಹಿಡಿಯುವವನು, ಯಾರು ಏಣಿಯನ್ನು ಇಳಿಸುವವನು ಎಂಬುದು ಕುಳಿತ ಕ್ರಮದಲ್ಲಿಯೇ ನಿರ್ಣಯವಾಗಿರುವುದರಿಂದ, ಸ್ಥಳವನ್ನು ತಲುಪಿದ ಮೇಲೆ ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. ದಿನವೂ ನಡೆಯುವ ಕವಾಯತಿನ ಪ್ರಯೋಜನ ಇದೇ.

ವಾಹನ ಓಡುವಾಗ ಒಳಗಿನವರ ದೃಷ್ಟಿ ರಸ್ತೆಯ ಮೇಲಿರುವುದಿಲ್ಲ. ಮನೆಗಳ ತಲೆಯ ಮೇಲಿನ ಆಕಾಶದಲ್ಲಿರುತ್ತದೆ. ಅಲ್ಲಿ ಕಾಣಬರುವ ಹೊಗೆಯ ಬಣ್ಣವನ್ನು ಓದುವುದು ಅವರ ಕಸುಬಿನ ಒಂದು ಅಂಗ. ಹುಲ್ಲು, ಸೋಗೆ, ಹಸಿ ಸೌದೆಗಳ ಹೊಗೆ ಬಿಳುಪಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ರಬ್ಬರು, ಪ್ಲಾಸ್ಟಿಕ್ಕು, ಎಣ್ಣೆಗಳದು ದಟ್ಟವಾದ ಕಪ್ಪು. ಮುಚ್ಚಿದ ಬಾಗಿಲಿನ ಸಂದಿಯಿಂದ ಹೊಗೆಯು ಒಮ್ಮೆ ಹೊರಬಂದು ಒಮ್ಮೆ ಒಳಸೇದಿಕೊಂಡು, ಕಟ್ಟಡವೇ ಉಸಿರಾಡುತ್ತಿರುವಂತೆ ಕಂಡರೆ, ಅದಕ್ಕಿಂತ ಭಯಂಕರವಾದ ಲಕ್ಷಣ ಇನ್ನೊಂದಿಲ್ಲ. ಒಳಗಿನ ಪ್ರಾಣವಾಯು ತೀರಿಹೋಗಿ, ಶಾಖವೂ ಉರಿಯದೆ ಉಳಿದ ಅನಿಲವೂ ಮಾತ್ರ ತುಂಬಿಕೊಂಡು, ಬೆಂಕಿಯು ಗಾಳಿಗಾಗಿ ಕಾದಿದೆಯೆಂದು ಅದರ ಅರ್ಥ. ಆಗ ಸಾಮಾನನ್ನು ಉಳಿಸುವ ಆತುರದಿಂದ ಮಾಲೀಕನು ಶಟರನ್ನು ಮೇಲಕ್ಕೆಳೆದನೆಂದರೆ, ನುಗ್ಗಿದ ಗಾಳಿಯೊಡನೆ ಕೂಡಿದ ಅನಿಲವೆಲ್ಲ ಒಮ್ಮೆಗೇ ಹೊತ್ತಿ, ಬಾಗಿಲಿನಲ್ಲಿ ನಿಂತವನ ಮೇಲೆಯೇ ಸ್ಫೋಟಿಸುತ್ತದೆ. ದಳದವರು ಬರುವವರೆಗೆ ಬಾಗಿಲನ್ನು ತೆರೆಯಬೇಡಿರೆಂದು ಹೇಳುವುದು ಇದಕ್ಕಾಗಿ.

ಸ್ಥಳವನ್ನು ಮುಟ್ಟಿದೊಡನೆ ನೀರು ಬಿಡುವುದಿಲ್ಲ. ನೆರೆದ ಜನಕ್ಕೆ ಇದು ಅರ್ಥವಾಗುವುದಿಲ್ಲ; ಕೋಪವೂ ಬರುತ್ತದೆ. ಆದರೆ ವಿದ್ಯುತ್ ಮಗ್ಗಗಳ ಕೊಟ್ಟಿಗೆಯೊಳಗೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ನೀರನ್ನು ಹಾಯಿಸಿದರೆ, ಆ ನೀರಿನ ಧಾರೆಯನ್ನು ಹಿಡಿದುಕೊಂಡೇ ಸಾವು ಮನುಷ್ಯನ ಕೈವರೆಗೆ ನಡೆದುಬರಬಹುದು. ಜನರ ಬಾಯಲ್ಲಿ ಇ.ಬಿ. ಎಂದೇ ಪ್ರಸಿದ್ಧವಾದ ವಿದ್ಯುತ್ ಮಂಡಳಿಯವರು ಆ ಬೀದಿಯ ಸಂಪರ್ಕವನ್ನು ಕಡಿದಿದ್ದಾರೆಂಬುದು ಖಚಿತವಾಗಬೇಕು. ಆ ನಡುವೆ ನಾಯಕನು ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ. ಮುದುಕಿಯೊಬ್ಬಳು ಅವನ ಕೈಯನ್ನು ಹಿಡಿದು, "ಅಪ್ಪಾ, ಮಗ್ಗ ಹೋದ್ರೆ ಹೋಗ್ಲಿ, ಹಾಸನ್ನಾದ್ರೂ ಉಳಿಸಿಕೊಡಪ್ಪ" ಎಂದು ಅಳುತ್ತಾಳೆಂದಿಟ್ಟುಕೊಳ್ಳೋಣ. ಕಸುಬನ್ನರಿತ ನಾಯಕನು ಕೇಳುವುದು ಒಂದೇ ಪ್ರಶ್ನೆ: "ಒಳಗೆ ಯಾರಾದ್ರೂ ಇದ್ದಾರೇನಮ್ಮಾ? ಅದನ್ನ ಮೊದಲು ಹೇಳಿ." ಜೀವ ಮೊದಲು, ಪಕ್ಕದ ಮನೆ ಎರಡನೆಯದು, ಉರಿಯುತ್ತಿರುವ ಮನೆ ಮೂರನೆಯದು. ಈ ಕ್ರಮ ಕಠೋರವೆಂದು ತೋರಬಹುದು. ಆದರೆ ಹೊತ್ತಿಕೊಂಡ ಕೊಟ್ಟಿಗೆಯನ್ನು ಕೈಬಿಟ್ಟು ಅದರ ನೆರೆಯ ಗೋಡೆಗೆ ನೀರು ಹೊಯ್ಯುತ್ತಿರುವ ದಳವು ಒಂದು ಮನೆಯನ್ನು ತೊರೆದು ಬೀದಿಯನ್ನೇ ಕಾಯುತ್ತಿರುತ್ತದೆ.

ಇನ್ನು ನೀರು. 63 ಮಿಲಿಮೀಟರು ವ್ಯಾಸದ, ಒಂದೊಂದೂ 15 ಮೀಟರು ಉದ್ದದ ಕ್ಯಾನ್ವಾಸಿನ ಕೊಳವೆಗಳನ್ನು, ಒತ್ತಿದೊಡನೆ ಕಚ್ಚಿಕೊಳ್ಳುವ ಲೋಹದ ಜೋಡಣೆಗಳಿಂದ ಒಂದಕ್ಕೊಂದು ಕೂಡಿಸಿಕೊಂಡು ಹೋಗುತ್ತಾರೆ. ವಾಹನವನ್ನು ಓಡಿಸಿದ ಎಂಜಿನ್ನೇ ಈಗ ಚಕ್ರಗಳ ಸಂಬಂಧವನ್ನು ತೊರೆದು ಪಂಪನ್ನು ತಿರುಗಿಸತೊಡಗುತ್ತದೆ. ಚಪ್ಪಟೆಯಾಗಿ ಬಿದ್ದಿದ್ದ ಕೊಳವೆ ಒಮ್ಮೆಗೇ ದುಂಡಾಗಿ, ಬಿಗಿದು, ಮಣ್ಣಿನ ಮೇಲೆ ಸರಿದಾಡುತ್ತದೆ. ನಳಿಗೆಯನ್ನು ಹಿಡಿದವರು ಇಬ್ಬರಿಲ್ಲದಿದ್ದರೆ ನೀರಿನ ಹಿನ್ನೂಕು ಒಬ್ಬನನ್ನು ಕೆಡವಿಬಿಡುವುದುಂಟು. ಪೂರ್ಣಶಕ್ತಿಯ ಪ್ರವಾಹವನ್ನು ಬಿಡದೆ, ನಿಮಿಷಕ್ಕೆ 450 ಲೀಟರಿನಂತೆ ಒಂದೇ ನಳಿಗೆಯಿಂದ ಹಾಯಿಸಿದರೆ ತೊಟ್ಟಿಯ ನೀರು ಹತ್ತು ನಿಮಿಷ ಬರುತ್ತದೆ. ಆ ಹತ್ತು ನಿಮಿಷಗಳೇ ದಳದ ಸಮಸ್ತ ಬಂಡವಾಳ.

ಅದನ್ನು ಬೆಳೆಸುವ ಉಪಾಯವನ್ನು ಪ್ರಕೃತಿಯೇ ಒದಗಿಸಿದೆ. ಒಂದು ಕಿಲೋಗ್ರಾಂ ನೀರನ್ನು ಬಾವಿಯ ತಂಪಿನಿಂದ ಕುದಿಯುವ ಮಟ್ಟಕ್ಕೆ ತರುವುದಕ್ಕೆ ಬೇಕಾಗುವ ಶಾಖ ಸುಮಾರು 70 ಕಿಲೋಕ್ಯಾಲೊರಿ; ಕುದಿಯುವ ನೀರು ಆವಿಯಾಗುವಾಗ ಹೀರಿಕೊಳ್ಳುವ ಶಾಖವಾದರೋ ಸುಮಾರು 540. ಆದಕಾರಣ ನೆಲದ ಮೇಲೆ ಹರಿದು ಚರಂಡಿಗೆ ಹೋದ ನೀರು ಬೆಂಕಿಗೆ ಬಹಳ ಮಾಡಿಲ್ಲ. ಆವಿಯಾಗಿ ಮಾಯವಾದ ನೀರೇ ಬೆಂಕಿಯನ್ನು ಗೆದ್ದ ನೀರು. ಹೀಗೆ ಆವಿಯಾದಾಗ ಅದು ಸುಮಾರು 1,700 ಪಟ್ಟು ಹಿಗ್ಗಿ, ಜ್ವಾಲೆಯ ಸುತ್ತಲಿನ ಗಾಳಿಯನ್ನು ಆಚೆಗೆ ನೂಕುತ್ತದೆ. ನಳಿಗೆಯನ್ನು ತಿರುಗಿಸಿ, ಗಟ್ಟಿಧಾರೆಯನ್ನು ಒಡೆದು ತುಂತುರುಮಾಡಿ ಛಾವಣಿಯ ಕೆಳಗಿನ ಕಾದ ಹೊಗೆಗೆ ಎರಚುವ ಅಗ್ನಿಶಾಮಕನು ಈ ತತ್ತ್ವವನ್ನು ಕೈಯಿಂದ ಬಲ್ಲವನು. ಅದೇ ಆವಿ, ಒಳಗೆ ಮನುಷ್ಯರು ಸಿಕ್ಕಿಕೊಂಡಿದ್ದರೆ, ಅವರನ್ನು ಬೇಯಿಸಬಲ್ಲದೆಂಬುದನ್ನೂ ಅವನು ಬಲ್ಲ. ಎಲ್ಲಿ ತುಂತುರು, ಎಲ್ಲಿ ಧಾರೆ, ಎಲ್ಲಿ ಒಂದು ಹನಿಯೂ ಬೇಡ ಎಂಬ ವಿವೇಚನೆಯನ್ನು ಅವನು ಹೊಗೆಯೊಳಗೆ, ಕಣ್ಣು ಕಾಣದಿರುವಾಗ, ಕ್ಷಣಾರ್ಧದಲ್ಲಿ ಮಾಡಬೇಕು.

ಹತ್ತಿಯ ಬೇಲುಗಳಿಗೆ ಬೆಂಕಿ ಬಿದ್ದಾಗ ಈ ವಿವೇಚನೆಯೂ ಸಾಲದು. ಬಿಗಿಯಾಗಿ ಒತ್ತಿ ಪಟ್ಟಿ ಕಟ್ಟಿದ ಬೇಲಿನ ಹೊರಮೈ ನೀರನ್ನು ಕೊಡವಿಬಿಡುತ್ತದೆ. ಬೆಂಕಿಯು ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಸರಿದು, ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ, ಇನ್ನೊಂದು ಮಗ್ಗುಲಿನಲ್ಲಿ ತಲೆಯೆತ್ತುತ್ತದೆ. ಈ ಸ್ವಭಾವದ ಪರಿಣಾಮವನ್ನು ನಮ್ಮ ದೇಶ 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಕಂಡಿತು. ಫೋರ್ಟ್ ಸ್ಟೈಕಿನ್ ಎಂಬ ಹಡಗು ಸುಮಾರು 1,400 ಟನ್ನು ಸ್ಫೋಟಕಗಳನ್ನು ಹೊತ್ತು ಬಂದಿತ್ತು. ದಾರಿಯಲ್ಲಿ ಕರಾಚಿಯಲ್ಲಿ ಸಹಸ್ರಾರು ಹತ್ತಿಯ ಬೇಲುಗಳನ್ನೂ ಅದೇ ಒಡಲಿಗೆ ತುಂಬಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಗೆ ಕಾಣಿಸಿತು. ದಳದವರು 900 ಟನ್ನಿಗೂ ಮಿಕ್ಕಿದ ನೀರನ್ನು ಹಡಗಿನೊಳಕ್ಕೆ ಹಾಯಿಸಿದರೂ ಹತ್ತಿಯ ಒಡಲಿನಲ್ಲಿ ಅಡಗಿದ್ದ ಬೆಂಕಿಯ ಮೂಲ ಸಿಕ್ಕಲಿಲ್ಲ. ನಾಲ್ಕು ಗಂಟೆ ಕಳೆದ ಕೆಲವೇ ನಿಮಿಷಗಳಿಗೆ ಹಡಗು ಸಿಡಿಯಿತು, ಅರ್ಧ ಗಂಟೆಯ ಒಳಗಾಗಿ ಮತ್ತೊಮ್ಮೆ ಸಿಡಿಯಿತು. ಮುಂಬಯಿ ಅಗ್ನಿಶಾಮಕ ದಳದ 66 ಮಂದಿ ಅಂದು ಮಡಿದರು. ಅವರ ಸ್ಮರಣೆಗಾಗಿಯೇ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ದೇಶದಾದ್ಯಂತ ಆಚರಿಸುತ್ತಾರೆ. ಹತ್ತಿಯನ್ನೇ ನಂಬಿ ಬದುಕುವ ಎಡಪ್ಪಾಡಿಯಂಥ ಊರಿನಲ್ಲಿ, ಶಾಲೆಯ ಮಕ್ಕಳಿಗೆ ಆ ದಿನದ ಕಥೆಯನ್ನು ಹೇಳತಕ್ಕದ್ದು ಅವಶ್ಯವೆಂದು ನನಗೆ ತೋರುತ್ತದೆ. ಉರಿ ಆರಿದ ಮೇಲೆಯೂ ದಳದವರು ತೆರಳದೆ, ಒಂದೊಂದು ಬೇಲನ್ನೂ ಹೊರಗೆಳೆದು, ಪಟ್ಟಿ ಕತ್ತರಿಸಿ, ಕೊಕ್ಕೆಯಿಂದ ಬಗೆದು, ಕೈಯಿಂದ ಮುಟ್ಟಿನೋಡಿ ನೆನೆಸುವುದನ್ನು ಕಂಡು "ಇನ್ನೂ ಏನು ಮಾಡುತ್ತಿದ್ದಾರೆ?" ಎಂದು ಕೇಳುವವರಿಗೆ ಉತ್ತರ ಆ ಕಥೆಯಲ್ಲಿದೆ.

ಹತ್ತು ನಿಮಿಷದ ಬಂಡವಾಳ ಮುಗಿದ ಮೇಲೆ ಏನು ಗತಿ? ಸುತ್ತಲೂ ಬಾವಿಗಳಿವೆಯಲ್ಲ ಎಂದು ಯಾರಾದರೂ ಹೇಳಬಹುದು. ಇಲ್ಲಿ ಭೌತಶಾಸ್ತ್ರದ ಒಂದು ನಿಷ್ಠುರವಾದ ನಿಯಮ ಅಡ್ಡ ನಿಲ್ಲುತ್ತದೆ. ಪಂಪು ನೀರನ್ನು ಮೇಲಕ್ಕೆ ಎಳೆಯುತ್ತದೆಂದು ನಾವು ಹೇಳಿದರೂ, ನಿಜವಾಗಿ ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆದುಹಾಕುತ್ತದೆ, ಅಷ್ಟೆ. ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ವಾಯುಮಂಡಲದ ಭಾರ. ಆ ಭಾರಕ್ಕೆ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚಿನ ನೀರಿನ ಕಂಬವನ್ನು ಮಾತ್ರ ಎತ್ತಲು ಸಾಧ್ಯ; ವ್ಯವಹಾರದಲ್ಲಿ ಏಳೆಂಟು ಮೀಟರು ದೊರೆತರೆ ಅದೇ ಪುಣ್ಯ. ಸೇಲಂ ಜಿಲ್ಲೆಯ ಕಲ್ಲುನೆಲದಲ್ಲಿ ಕೊರೆದ ತೋಟದ ಬಾವಿಗಳ ನೀರು, ಬೇಸಗೆಯಲ್ಲಿ, ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಕಣ್ಣಿಗೆ ಕಾಣುವ ನೀರು ಕೊಳವೆಗೆ ಎಟುಕುವುದಿಲ್ಲ. ಆಗ ದಳಕ್ಕೆ ಆಸರೆಯಾಗುವವನು ತೋಟದ ಒಡೆಯನೇ: ಅವನು ತನ್ನ ಮೋಟಾರನ್ನು ಹಾಕಿ, ಬೆಳೆಗೆ ಹೋಗತಕ್ಕ ನೀರನ್ನು ತೊಟ್ಟಿಗೆ ತಿರುಗಿಸುತ್ತಾನೆ. ಊರೊಳಗಾದರೆ ನೀರು ಮಾರುವ ಟ್ಯಾಂಕರುಗಳೂ ಪುರಸಭೆಯ ಲಾರಿಗಳೂ ಬರುತ್ತವೆ. ಊರಿನಿಂದ ಬಹಳ ದೂರವಲ್ಲದ ಕಡೆಯಲ್ಲಿ, 1934ರಲ್ಲಿ ಪೂರ್ಣಗೊಂಡ ಮೇಟೂರು ಅಣೆಕಟ್ಟು ತುಂಬಿದಾಗ 93 ಟಿ.ಎಂ.ಸಿ.ಗೂ ಮಿಗಿಲಾದ ನೀರನ್ನು ಹಿಡಿದು ನಿಂತಿರುತ್ತದೆ. ಉರಿಯುವ ಕೊಟ್ಟಿಗೆಯ ಮುಂದೆ ನಿಂತವನಿಗೆ ಅದು ಹಿಮಾಲಯದ ಗಂಗೆಯಷ್ಟೇ ದೂರ.

ಸೋಗೆಯ ಛಾವಣಿಯ ಬೆಂಕಿಯ ವಿಷಯವಾಗಿ ಬಹಳ ಹೇಳಬೇಕಾದುದಿಲ್ಲ, ಏಕೆಂದರೆ ಅದು ಮಾತಿಗೂ ಎಡೆಕೊಡುವುದಿಲ್ಲ. ಒಣಗಿದ ತೆಂಗಿನ ಗರಿ ಹೊತ್ತಿದರೆ ದಳವು ಬರುವ ವೇಳೆಗೆ ಉಳಿದಿರುವುದು ಮಣ್ಣಿನ ಗೋಡೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ, ಅಡುಗೆಮನೆಯ ಬೆಂಕಿ ತರಗತಿಯ ಗರಿಯ ಛಾವಣಿಗೆ ಹತ್ತಿ 94 ಮಕ್ಕಳು ಅಸುನೀಗಿದುದನ್ನು ತಮಿಳುನಾಡು ಮರೆತಿಲ್ಲ. ಅದರ ತರುವಾಯವೇ ಶಾಲೆಗಳ ಮೇಲಿಂದ ಗರಿಯ ಛಾವಣಿಗಳನ್ನು ಇಳಿಸಲಾಯಿತು. ಅಷ್ಟು ದುಬಾರಿಯಾದ ಪಾಠವನ್ನು ಯಾವ ನಾಡೂ ಎರಡನೆಯ ಸಲ ಕಲಿಯುವಂತಾಗಬಾರದು.

ಬೆಂಕಿಯ ಹೆಸರನ್ನು ಹೊತ್ತ ಈ ದಳವನ್ನು ಎಡಪ್ಪಾಡಿಯ ಸುತ್ತಲಿನ ಹಳ್ಳಿಗಳ ಜನ ಕರೆಯುವುದು ಬೆಂಕಿಗಾಗಿ ಮಾತ್ರವಲ್ಲ, ಬಾವಿಗಾಗಿಯೂ. ಕಟ್ಟೆಯಿಲ್ಲದೆ ನೆಲಮಟ್ಟದಲ್ಲಿಯೇ ಬಾಯ್ದೆರೆದಿರುವ ತೋಟದ ಬಾವಿಗೆ ಮೇಯುತ್ತಿದ್ದ ಹಸು ಬೀಳುತ್ತದೆ, ಕತ್ತಲೆಯಲ್ಲಿ ದಾರಿ ತಪ್ಪಿದವನು ಬೀಳುತ್ತಾನೆ, ಬೇಸಗೆಯ ರಜದಲ್ಲಿ ಈಜು ಕಲಿಯಲು ಇಳಿದ ಹುಡುಗ ಮೇಲೆ ಬರುವುದಿಲ್ಲ. ಹಸುವನ್ನು ಎತ್ತುವುದು ಸುಲಭವೆಂದು ತಿಳಿಯಬಾರದು. ಹೆದರಿದ ಪ್ರಾಣಿ ಕಾಲು ಝಾಡಿಸುತ್ತಿರುವಾಗ, ಹಗ್ಗವನ್ನು ಕಟ್ಟಿಕೊಂಡು ಇಳಿದ ಒಬ್ಬನು ಅದರ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿಯನ್ನು ತೂರಿಸಿ, ಮುಂಗಾಲು ಹಿಂಗಾಲುಗಳ ಭಾರ ಸಮನಾಗುವಂತೆ ಕಟ್ಟಿ, ಮೇಲಿನವರಿಗೆ ಸನ್ನೆ ಕೊಡಬೇಕು. ಭಾರ ವಾಲಿದರೆ ಪ್ರಾಣಿಯೂ ಹೋಯಿತು, ಕೆಳಗೆ ನಿಂತವನೂ ಹೋದ. ಮನುಷ್ಯನನ್ನಾದರೆ ಕುರ್ಚಿಗಂಟು ಎಂಬ ಎರಡು ಕುಣಿಕೆಗಳ ಗಂಟಿನಲ್ಲಿ, ಒಂದು ಕುಣಿಕೆ ತೋಳಿನ ಕೆಳಗೆ, ಇನ್ನೊಂದು ಮೊಣಕಾಲಿನ ಹಿಂದೆ ಬರುವಂತೆ ಕೂರಿಸಿ ಎತ್ತುತ್ತಾರೆ. ಬಿದ್ದವನಿಗೆ ಸ್ಮೃತಿಯಿಲ್ಲದಿದ್ದರೂ ಅವನು ಜಾರುವುದಿಲ್ಲ.

ಬಾವಿಯ ನಿಜವಾದ ಶತ್ರು ನೀರಲ್ಲ, ಗಾಳಿ. ಬಹುಕಾಲ ಬಳಸದೆ ಬಿಟ್ಟ ಬಾವಿಯ ತಳದಲ್ಲಿ ಎಲೆ ಕೊಳೆತು ಹುಟ್ಟಿದ ಇಂಗಾಲದ ಡೈ ಆಕ್ಸೈಡು, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ, ಮೇಲೇಳದೆ ಅಲ್ಲಿಯೇ ನೆಲೆಸಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಇಣಿಕಿ ನೋಡಿದವನಿಗೆ ಬಾವಿ ಬರಿದಾಗಿಯೇ ಕಾಣುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು ಸುಮಾರು 16ಕ್ಕೆ ಇಳಿದರೆ ದೀಪ ಆರುತ್ತದೆ; 10ಕ್ಕಿಂತ ಕೆಳಗಿಳಿದರೆ ಮನುಷ್ಯನ ಪ್ರಜ್ಞೆ ತಪ್ಪುತ್ತದೆ; 6ಕ್ಕಿಂತ ಕಡಮೆಯಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಉಳಿಯದು. ನಮ್ಮ ಹಿರಿಯರು ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಡುತ್ತಿದ್ದುದು ವ್ಯರ್ಥಾಚಾರವಲ್ಲ. ಆದರೂ ಅದು ಪೂರ್ಣವಾದ ಪರೀಕ್ಷೆಯೂ ಅಲ್ಲ: ಹೂಳು ತೆಗೆಯುವಾಗ ಬಾವಿಯೊಳಕ್ಕೇ ಡೀಸೆಲ್ ಎಂಜಿನ್ನನ್ನು ಇಳಿಸಿ ನಡೆಸಿದರೆ ತುಂಬಿಕೊಳ್ಳುವ ಇಂಗಾಲದ ಮಾನಾಕ್ಸೈಡನ್ನಾಗಲಿ, ಮಲಗುಂಡಿಯ ಹೈಡ್ರೊಜನ್ ಸಲ್ಫೈಡನ್ನಾಗಲಿ ದೀಪವು ತೋರಿಸಿಕೊಡಲಾರದು. ಮೊದಲನೆಯದಕ್ಕೆ ವಾಸನೆಯೇ ಇಲ್ಲ. ಎರಡನೆಯದು ಕೊಳೆತ ಮೊಟ್ಟೆಯಂತೆ ನಾರಿ, ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೊಂದು, ವಾಸನೆ ಹೋಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಕೆಳಗೆ ಅಣ್ಣ ಕುಸಿದುಬಿದ್ದುದನ್ನು ಕಂಡ ತಮ್ಮ ಇಳಿಯುತ್ತಾನೆ. ತಮ್ಮನನ್ನು ಕಂಡು ನೆರೆಯವನು ಇಳಿಯುತ್ತಾನೆ. ಒಂದೇ ಗುಂಡಿಯಿಂದ ಮೂರು ನಾಲ್ಕು ಹೆಣಗಳನ್ನು ಎತ್ತಬೇಕಾಗಿ ಬರುವ ಈ ದುರಂತ ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆಯುತ್ತದೆ, ಅದಕ್ಕೆ ಕಾರಣ ಪ್ರೀತಿ. ಪ್ರೀತಿಗೆ ತಾಳಿಕೊಳ್ಳೆಂದು ಹೇಳುವುದು ಕಷ್ಟ. ಆದರೂ ಹೇಳಲೇಬೇಕು: ಹಗ್ಗವನ್ನು ಇಳಿಬಿಡಿ, ಗಾಳಿಯಾಡುವಂತೆ ಸೊಪ್ಪಿನ ಕೊಂಬೆಯನ್ನು ಕಟ್ಟಿ ಮೇಲಕ್ಕೂ ಕೆಳಕ್ಕೂ ಎಳೆದಾಡಿ, ಸಾಧ್ಯವಾದರೆ ನೀರನ್ನು ಚಿಮುಕಿಸಿ, ನೀವು ಮಾತ್ರ ಇಳಿಯಬೇಡಿ. ಇಳಿಯತಕ್ಕವನು ಬೆನ್ನ ಮೇಲೆ ತನ್ನ ಗಾಳಿಯನ್ನು ಹೊತ್ತು ಬರುತ್ತಾನೆ. ಆರು ಲೀಟರಿನ ಉರುಳೆಯೊಳಗೆ 300 ಬಾರ್ ಒತ್ತಡದಲ್ಲಿ ಅಡಗಿಸಿದ ಗಾಳಿ ಬಿಡುಗಡೆಯಾದರೆ ಸುಮಾರು 1,800 ಲೀಟರು. ದುಡಿಯುವ ಮನುಷ್ಯನು ನಿಮಿಷಕ್ಕೆ 40 ಲೀಟರಿನಂತೆ ಉಸಿರಾಡಿದರೆ ಮುಕ್ಕಾಲು ಗಂಟೆಗೆ ಸರಿ. ಹೆದರಿ ಏದುಸಿರು ಬಿಟ್ಟರೆ ಅದರ ಅರ್ಧಕ್ಕೂ ಸಾಲದಿರಬಹುದು. ಒತ್ತಡ 55 ಬಾರಿನ ಆಸುಪಾಸಿಗೆ ಇಳಿದಾಗ ಒಂದು ಸೀಟಿ ತಾನೇ ಮೊಳಗುತ್ತದೆ. ಆ ಸದ್ದನ್ನು ಕೇಳಿದ ಮೇಲೆ, ಕೈಗೆ ಎಟುಕುವ ದೂರದಲ್ಲಿ ಬಿದ್ದವನು ಇದ್ದರೂ, ಇಳಿದವನು ಮೇಲೆ ಬರತಕ್ಕದ್ದೆಂಬುದು ನಿಯಮ. ಅವನ ಬದಲು ಇನ್ನೊಬ್ಬ ಇಳಿಯುತ್ತಾನೆ. ನೀರನ್ನು ಅಳೆದು ಬಳಸಿದಂತೆ ಉಸಿರನ್ನೂ ಅಳೆದು ಬಳಸುವ ಈ ಶಿಸ್ತಿನಲ್ಲಿ ಎಷ್ಟು ಮನೋನಿಗ್ರಹ ಬೇಕೆಂಬುದನ್ನು ಹೊರಗಿನ ನಾವು ಊಹಿಸಬಲ್ಲೆವೇ ಹೊರತು ಅಳೆಯಲಾರೆವು.

ಉಳಿದ ಕರೆಗಳ ಪಟ್ಟಿ ಉದ್ದವಾಗಿದೆ. ದೋಣಿಯಲ್ಲಿ ನೆರಿಂಜಿಪ್ಪೇಟೆಗೆ ದಾಟುವ ಪೂಲಾಂಪಟ್ಟಿಯ ಕಾವೇರಿ ಮೇಲ್ನೋಟಕ್ಕೆ ಕೆರೆಯಂತೆ ಶಾಂತವಾಗಿದ್ದು, ಸ್ನಾನಕ್ಕಿಳಿದವರ ಕಾಲನ್ನು ಕೆಳಗಿಂದ ಸೆಳೆಯುತ್ತದೆ. ಸಂಕಗಿರಿಯ ಕಡೆಯಿಂದ ಬರುವ ತೈಲದ ಲಾರಿ ಉರುಳಿದರೆ ನೀರನ್ನು ಬಿಟ್ಟು ನೊರೆಯನ್ನು ಹೊದಿಸಬೇಕು, ಏಕೆಂದರೆ ಎಣ್ಣೆಯು ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಿದುಹೋಗುತ್ತದೆ. ಮನೆಯೊಳಗೆ ಹಾವು, ತೆಂಗಿನ ಮರದಲ್ಲಿ ಕಣಜದ ಗೂಡು, ಅಡುಗೆಮನೆಯಲ್ಲಿ ಸೋರುವ ಗ್ಯಾಸ್ ಸಿಲಿಂಡರು ಇವೆಲ್ಲವೂ ಅವರ ಪಾಲಿಗೇ. ಸಿಲಿಂಡರಿನ ಬಗ್ಗೆ ಒಂದು ಮಾತು: 14.2 ಕಿಲೋಗ್ರಾಂ ದ್ರವವು ಅನಿಲವಾದಾಗ ಇನ್ನೂರೈವತ್ತು ಪಟ್ಟಿನಷ್ಟು ಹಿಗ್ಗಿ, ಗಾಳಿಗಿಂತ ಭಾರವಾದುದರಿಂದ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ವಾಸನೆ ಬಂದಾಗ ಮಾಡಬೇಕಾದುದು ರೆಗ್ಯುಲೇಟರನ್ನು ಮುಚ್ಚುವುದು, ಬಾಗಿಲು ಕಿಟಕಿಗಳನ್ನು ತೆರೆಯುವುದು, ದೀಪದ ಸ್ವಿಚ್ಚನ್ನು ಮುಟ್ಟದಿರುವುದು. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲಿಯೂ ಕಿಡಿಯಿದೆ.

ಮದರಾಸಿನಲ್ಲಿ 1908ರಲ್ಲಿ ಸಂಘಟಿತವಾದ ಸೇವೆಯು ಬೆಳೆದು, 1985ರ ಅಧಿನಿಯಮದ ಆಧಾರವನ್ನು ಪಡೆದು, ಇಂದು ತಮಿಳುನಾಡು ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಇಲಾಖೆಯಾಗಿದೆ. ಕಾಯುವ ಕೆಲಸವೇ ನಮ್ಮ ಕೆಲಸ ಎಂಬರ್ಥದ ತಮಿಳು ವಾಕ್ಯ ಅದರ ಧ್ಯೇಯ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಸಂಸ್ಥೆಗಳ ಕರ್ತವ್ಯಗಳಲ್ಲಿ ಎಣಿಸಿದ್ದರೂ, ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಅದು ರಾಜ್ಯದ ಇಲಾಖೆಯಾಗಿಯೇ ಮುಂದುವರಿದಿದೆ. ಇದರಿಂದ ಶಿಕ್ಷಣಕ್ಕೂ ಸಲಕರಣೆಗೂ ಏಕರೂಪತೆ ಬಂದಿದೆ, ನಿಜ. ಆದರೆ ಬೆಂಕಿಯ ವಿಷಯ ಇಲಾಖೆಯದು, ನಮ್ಮದಲ್ಲ ಎಂಬ ಉದಾಸೀನತೆಯೂ ಊರುಗಳಲ್ಲಿ ಬೇರೂರಿದೆ. ಇದು ನನಗೆ ಸಮ್ಮತವಾಗದು. ದಳಕ್ಕೆ ಹತ್ತು ನಿಮಿಷದ ನೀರಿದೆಯೆಂಬುದನ್ನು ಅರಿತ ಊರು ಹನ್ನೊಂದನೆಯ ನಿಮಿಷದ ನೀರನ್ನು ತಾನು ಸಿದ್ಧಪಡಿಸಿಟ್ಟಿರಬೇಕು. ಮಗ್ಗದ ಕೊಟ್ಟಿಗೆಯ ಮುಖ್ಯ ಸ್ವಿಚ್ಚು ಒಳಗೋಡೆಯ ಬದಲು ಹೊರಗೋಡೆಯ ಮೇಲಿರಲಿ. ತೊಲೆಯ ಮೇಲಿನ ಹತ್ತಿಯ ನವಿರನ್ನು ಹಬ್ಬಕ್ಕೊಮ್ಮೆ ಗುಡಿಸುವ ಪದ್ಧತಿ ದಿನಚರಿಯಾಗಲಿ. ಬೇಲುಗಳ ಸಾಲಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯನು ನಡೆಯುವಷ್ಟು ಎಡೆಯಿರಲಿ. ತೋಟದ ಬಾವಿಗೆ ಸೊಂಟದೆತ್ತರದ ಕಟ್ಟೆಯಾಗಲಿ. ಪುರಸಭೆಯವರಂತೂ, ನೆಯ್ಗೆಯ ಬೀದಿಗಳ ಸಮೀಪದ ಪ್ರತಿಯೊಂದು ಮೇಲ್ತೊಟ್ಟಿಯ ಬುಡದಲ್ಲಿ, ಅಗ್ನಿಶಾಮಕ ಕೊಳವೆಯ 63 ಮಿಲಿಮೀಟರಿನ ಬಾಯಿಗೆ ನೇರವಾಗಿ ಕೂಡತಕ್ಕ ಒಂದು ಜೋಡಣೆಯನ್ನು ಹಾಕಿಸಿ, ಅದರ ಮುಂದೆ ಅಂಗಡಿಯಾಗಲಿ ಗಾಡಿಯಾಗಲಿ ನಿಲ್ಲದಂತೆ ನೋಡಿಕೊಂಡು, ವರ್ಷಕ್ಕೆರಡು ಬಾರಿ ದಳದವರನ್ನು ಕರೆಯಿಸಿ ಅದನ್ನು ತಿರುಗಿಸಿ ಪರೀಕ್ಷಿಸುವ ಏರ್ಪಾಡನ್ನು ಈ ವರ್ಷದ ಆಯವ್ಯಯದಲ್ಲಿಯೇ ಸೇರಿಸಬೇಕು.